ಕೇಬಲ್ ಎಲ್ಲಿಗೆ ಹೋಗುತ್ತದೋ ಅದೇ ಹೆಸರು

ಎರಡು ಇಂಟರ್‌ನೆಟ್ ಲೈನ್, ಒಂದು ಆಫೀಸ್ ಲ್ಯಾನ್, ಇನ್ನೊಂದು ಸಿಸಿಟಿವಿಗೆ. ನಾನು ನೋಡಿಕೊಳ್ಳುವ ಸಣ್ಣ ಆಫೀಸುಗಳ ಲಿನಕ್ಸ್ ಗೇಟ್‌ವೇಗಳು (ಆಫೀಸಿನ ನೆಟ್‌ವರ್ಕನ್ನು ಇಂಟರ್‌ನೆಟ್‌ಗೆ ಜೋಡಿಸುವ ಕಂಪ್ಯೂಟರ್‌ಗಳು) ಹೆಚ್ಚುಕಮ್ಮಿ ಹೀಗೇ ಇರುತ್ತವೆ. ನಾಲ್ಕು ಪೋರ್ಟ್‌ನಲ್ಲಿ ಯಾವುದು ಯಾವುದು ಅಂತ ನೋಡಿದ ತಕ್ಷಣ ಗೊತ್ತಾಗಬೇಕು, ಅಷ್ಟೇ.

ಹಿಂದೆ ಲಿನಕ್ಸ್ ಪೋರ್ಟ್‌ಗಳಿಗೆ ಕೊಡುತ್ತಿದ್ದ ಹೆಸರು ಇಟಿಎಚ್0, ಇಟಿಎಚ್1 ಅಂತ ಇತ್ತು. ಕರ್ನೆಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ, ಮೊದಲು ಸಿಕ್ಕ ನೆಟ್‌ವರ್ಕ್ ಕಾರ್ಡಿಗೆ ಸೊನ್ನೆ. ರೀಬೂಟ್ ಮಾಡಿದಾಗ ಅದಲುಬದಲಾದರೂ ಆಗಬಹುದು. 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್ ಬೂಟ್ ಆಗುವಾಗ ಸೇವೆಗಳನ್ನು ಶುರುಮಾಡುವ ತಂತ್ರಾಂಶ) 197ನೇ ಆವೃತ್ತಿಯ ಜೊತೆ ಇಎನ್‌ಪಿ3ಎಸ್0 ಥರದ ಹೆಸರುಗಳು ಬಂದವು. ಇಎನ್ ಅಂದರೆ ಈಥರ್‌ನೆಟ್, ಪಿ3 ಪಿಸಿಐ ಬಸ್ ನಂಬರ್, ಎಸ್0 ಸ್ಲಾಟ್. ನಾಲಿಗೆ ತಿರುಗುವುದಿಲ್ಲ, ಆದರೆ ಸುಮ್ನೆ ರೀಬೂಟ್ ಮಾಡಿದರೆ ಬದಲಾಗುವುದಿಲ್ಲ.

ಹಾಗಂತ ಪೂರ್ತಿ ನಂಬುವಂತೆಯೂ ಇಲ್ಲ. ಹೊಸ ಕಾರ್ಡೋ ಎನ್‌ವಿಎಂಇ ಡಿಸ್ಕೋ ಹಾಕಿದರೆ ಬಸ್ ನಂಬರೇ ಸರಿಯಬಹುದು. ಒಂದು ಕಡೆ ಹೀಗೇ ಆಯಿತು. ಸೇರಿಸಿದ್ದು ಡಿಸ್ಕ್, ಹೋಗಿದ್ದು ಇಂಟರ್‌ನೆಟ್! ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗಿತ್ತು. ಫೈರ್‌ವಾಲ್ ರೂಲ್‌ಗಳೆಲ್ಲ ಹಳೇ ಹೆಸರನ್ನೇ ಹಿಡಿದು ಕೂತಿದ್ದವು. ಡಿಸ್ಕಿಗೂ ನೆಟ್ಟಿಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು?

ಈಗ ಯಾವ ಗೇಟ್‌ವೇ ಕೈಗೆ ಬಂದರೂ ಮೊದಲ ಕೆಲಸ ಹೆಸರಿಡುವುದೇ. ಪ್ರತಿ ಪೋರ್ಟಿಗೂ ಸಿಸ್ಟಮ್‌ಡಿಯ ಒಂದು ಡಾಟ್ ಲಿಂಕ್ ಫೈಲ್ (.link ಅಂತ ಕೊನೆಯಾಗುವ ಸೆಟ್ಟಿಂಗ್ ಫೈಲ್). ಮ್ಯಾಚ್ ಭಾಗದಲ್ಲಿ ಕಾರ್ಡಿನ ಮ್ಯಾಕ್ (ಅದರ ಗುರುತಿನ ಸಂಖ್ಯೆ), ಲಿಂಕ್ ಭಾಗದಲ್ಲಿ ಹೆಸರು. ಬರೀ ಮ್ಯಾಕ್ ಅಡ್ರೆಸ್ ಬೇಡ, ಪರ್ಮನೆಂಟ್ ಮ್ಯಾಕ್ ಅಡ್ರೆಸ್ ಅಂತಲೇ ಕೊಡಿ. ಇಲ್ಲದಿದ್ದರೆ ಅದೇ ಮ್ಯಾಕ್ ಇಟ್ಟುಕೊಂಡ ವಿಲ್ಯಾನ್‌ಗಳೂ (ಒಂದೇ ಪೋರ್ಟಿನ ಮೇಲೆ ಮಾಡಿದ ವರ್ಚುವಲ್ ನೆಟ್‌ವರ್ಕ್‌ಗಳು) ಈ ಹೆಸರಿಗೆ ಕೈಚಾಚುತ್ತವೆ. ಡೆಬಿಯನ್, ಉಬುಂಟುವಿನಲ್ಲಿ ಆಮೇಲೆ ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್‌ನ ಶುರುವಿನಲ್ಲೇ ಬಳಕೆಯಾಗುವ ಪುಟ್ಟ ಫೈಲ್ ಸಿಸ್ಟಮ್) ಅಪ್‌ಡೇಟ್ ಮಾಡಿ ರೀಬೂಟ್ ಮಾಡಬೇಕು.

ಹೆಸರು ಯಾವುದು? ಕೇಬಲ್ ಎಲ್ಲಿಗೆ ಹೋಗುತ್ತದೋ ಅದು. ವ್ಯಾನ್-ಮೇನ್, ವ್ಯಾನ್-ಬ್ಯಾಕಪ್, ಲ್ಯಾನ್, ಸಿಸಿಟಿವಿ. ವ್ಯಾನ್ ಅಂದರೆ ಇಂಟರ್‌ನೆಟ್ ಕಡೆ, ಲ್ಯಾನ್ ಅಂದರೆ ಆಫೀಸಿನ ಒಳಗೆ. ಇಂಟರ್‌ನೆಟ್ ಕಂಪನಿಯ ಹೆಸರನ್ನು ಮಾತ್ರ ಇಡಬೇಡಿ. ಮುಂದಿನ ವರ್ಷ ಕಮ್ಮಿ ರೇಟಿಗೆ ಇನ್ನೊಬ್ಬರು ಸಿಕ್ಕರೆ ಲೈನ್ ಬದಲಾಗುತ್ತದೆ, ಹೆಸರು ಸುಳ್ಳು ಹೇಳುತ್ತಾ ಉಳಿಯುತ್ತದೆ. ಇಟಿಎಚ್0 ಅಂತಲೂ ಬೇಡ, ಕರ್ನೆಲ್ ಕೊಡುವ ಹೆಸರಿಗೇ ಡಿಕ್ಕಿ ಹೊಡೆಯಬಹುದು. ಲಿನಕ್ಸ್ ಒಪ್ಪುವುದು 15 ಅಕ್ಷರ. ಚುಕ್ಕೆ ಇಟ್ಟು ವಿಲ್ಯಾನ್ ನಂಬರ್ ಸೇರಿಸಿದರೆ ಅದರಲ್ಲೇ ಐದರವರೆಗೆ ಹೋಗಬಹುದು. ಹಾಗಾಗಿ ನನ್ನ ಲೆಕ್ಕ ಹತ್ತಕ್ಕೇ ನಿಲ್ಲುತ್ತದೆ.

ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ತಂತ್ರಾಂಶ ಇದ್ದರೆ ಕೆಲಸ ಇನ್ನೂ ಅರ್ಧ ಬಾಕಿ. ಅಲ್ಲಿ ಡಿವೈಸ್ (ಪೋರ್ಟ್) ಬೇರೆ, ಕನೆಕ್ಷನ್ (ಅದರ ಸೆಟ್ಟಿಂಗ್) ಬೇರೆ. ‘ವೈರ್ಡ್ ಕನೆಕ್ಷನ್ 1’, ‘ವೈರ್ಡ್ ಕನೆಕ್ಷನ್ 2’ ಅಂತ ಕನೆಕ್ಷನ್‌ಗಳಿಗೆ ತಾನೇ ಹೆಸರು ಇಟ್ಟುಕೊಂಡಿರುತ್ತದೆ. ಅದರ ಕಮಾಂಡ್ ಎನ್‌ಎಂಸಿಎಲ್‌ಐನಲ್ಲಿ ಕನೆಕ್ಷನ್ ಐಡಿ ಬದಲಿಸಿ ಡಿವೈಸಿನ ಹೆಸರನ್ನೇ ಕೊಡುತ್ತೇನೆ, ಇಂಟರ್‌ಫೇಸ್ ನೇಮ್ ಕೂಡ ಅದೇ. ಎರಡೂ ಕಡೆ ಒಂದೇ ಹೆಸರಿದ್ದರೆ ಲಾಗ್ ಓದುವಾಗ ತಲೆ ಕೆಡುವುದಿಲ್ಲ.

ಕೇಬಲ್‌ನ ಎರಡೂ ತುದಿಗೆ ಅದೇ ಹೆಸರಿನ ಲೇಬಲ್ ಅಂಟಿಸುತ್ತೇನೆ. ‘ಬ್ಯಾಕಪ್ ಅಂತ ಬರೆದಿದೆಯಲ್ಲ ಮೇಡಂ, ಅದನ್ನು ತೆಗೆದು ಮತ್ತೆ ಹಾಕಿ’ ಅಂತ ಫೋನಿನಲ್ಲಿ ಹೇಳಿದರೆ ಅಕೌಂಟ್ಸ್‌ನವರೇ ಮಾಡುತ್ತಾರೆ.