ಮತ್ತೆ ಇಸ್ತಾಂಬುಲ್, ಈ ಸಲ ಒಬ್ಬಳೇ

ಕಡಿಕೋಯ್‌ನಲ್ಲಿ ಫೆರ್ರಿ ಹತ್ತಿ ಹೊರಗಿನ ಬೆಂಚಲ್ಲೇ ಕೂತೆ. 2018ರಲ್ಲಿ ಇವರ ಜೊತೆ ಬಂದಾಗಲೂ ಹೀಗೇ ಹೊರಗೆ ಕೂತಿದ್ದೆವು. ಈ ಸಲ ಪಕ್ಕದಲ್ಲಿ ನನ್ನ ಚೀಲ ಮಾತ್ರ.

ನಾನು ತದಡಿಯವಳು. ಹೊಳೆಯಾಚೆಯ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿ ಬೆಳೆದವಳು. ಅಲ್ಲಿ ಹೊಳೆ ದಾಟಿದರೆ ಊರು ಬದಲಾಗುತ್ತದೆ. ಇಲ್ಲಿ ಸುಮಾರು 20 ನಿಮಿಷದಲ್ಲಿ ಏಷ್ಯಾ ಬಿಟ್ಟು ಯುರೋಪಿಗೆ ಬಂದಿರುತ್ತೇವೆ! ಆದರೂ ಡೀಸೆಲ್ ವಾಸನೆ, ಉಪ್ಪು ಗಾಳಿ, ದಡ ಬರುವ ಮೊದಲೇ ಎದ್ದು ನಿಲ್ಲುವ ಜನ, ಎಲ್ಲ ನಮ್ಮೂರಿನದೇ.

ಚಹಾಕ್ಕೆ ಹಾಲು ಹಾಕುವುದಿಲ್ಲ. ನಡು ಸಣ್ಣಗಿರುವ ಗಾಜಿನ ಲೋಟ, ಪಕ್ಕದಲ್ಲಿ ಸಕ್ಕರೆ ಗಟ್ಟಿ. ಜೊತೆಗೆ ಎಳ್ಳು ಮೆತ್ತಿದ ಬಳೆಯಂಥ ಸಿಮಿತ್. ಅರ್ಧ ನಾನು ತಿಂದೆ, ಅರ್ಧ ಕಡಲಹಕ್ಕಿಗಳಿಗೆ ಎಸೆದೆ.

ಮಸೀದಿ, ಅರಮನೆ ಎಲ್ಲ ಆಗಲೇ ನೋಡಿದ್ದೆ. ಹಾಗಾಗಿ ಗಲಾಟಾ ಸೇತುವೆ ಮೇಲೆ ಸುಮ್ನೆ ನಿಂತೆ. ಸಾಲಾಗಿ ಗಾಳ ಹಾಕಿದವರು. ಬಕೆಟ್ಟಲ್ಲಿ ಇಸ್ತಾವ್ರಿತ್, ಸಣ್ಣ ಬಂಗಡೆಯ ಹಾಗೆ ಕಾಣುವ ಮೀನು. ಒಬ್ಬ ಅಜ್ಜ ನನ್ನ ಕೈಗೆ ಗಾಳದ ಕೋಲು ಕೊಟ್ಟ. ಭಾಷೆ ಬೇಕಾಗಲಿಲ್ಲ.

ರಾತ್ರಿ ಆಯಿಗೆ ಫೋನ್ ಮಾಡಿದೆ. "ಒಬ್ಳೇ ಹೆದರಿಕೆ ಆಗ್ಲಿಲ್ವಾ?" ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. "ಮೀನು ಬಿತ್ತಾ?" ಅಂದಳು.

ಎರಡು ಬಿದ್ದವು.