ತುರಿಸಬಾರದ ಹದಿನೈದು ನಿಮಿಷ

ಕಳೆದ ದೀಪಾವಳಿಯಲ್ಲಿ ಅರ್ಧ ತುಂಡು ಗೋಡಂಬಿ ಬರ್ಫಿ ತಿಂದ ಹತ್ತೇ ನಿಮಿಷಕ್ಕೆ ಏಳು ವರ್ಷದ ನಮ್ಮ ಮಗನ ತುಟಿ ಊದಿಕೊಂಡು, ಕತ್ತಿನಿಂದ ಹೊಟ್ಟೆಯವರೆಗೂ ಗಂಧೆಗಳೆದ್ದವು. ನಮ್ಮ ಅತ್ತೆಯವರು ಅದನ್ನು ಪಿತ್ತವೆಂದೇ ತೀರ್ಮಾನಿಸಿ ಹಿತ್ತಲಿನ ದೊಡ್ಡಪತ್ರೆಯ ರಸವನ್ನು ಮೈಗೆಲ್ಲ ಸವರಿದರು; ಆ ಹಸಿರು ಮೈಯಲ್ಲೇ ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಅಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರು, ಐದಾರು ವಾರ ಕಳೆದ ಮೇಲೆ ಅಲರ್ಜಿ ಪರೀಕ್ಷೆ ಮಾಡಿಸುವಂತೆ ಸೂಚಿಸಿದರು.

ಮೊದಲ ಭೇಟಿ ನನ್ನ ತಪ್ಪಿನಿಂದಲೇ ವ್ಯರ್ಥವಾಯಿತು. ಪರೀಕ್ಷೆಗೆ ಒಂದು ವಾರ ಮೊದಲೇ ಅಲರ್ಜಿ ತಗ್ಗಿಸುವ ಸೆಟಿರಿಜಿನ್‌ನಂಥ ಔಷಧ ನಿಲ್ಲಿಸಬೇಕೆಂದು ಹೇಳಿದ್ದರು, ನಿಲ್ಲಿಸಿಯೂ ಇದ್ದೆ. ಆದರೆ ಎರಡು ದಿನದ ಹಿಂದೆ ಕೊಟ್ಟ ನೆಗಡಿಯ ಸಿರಪ್ಪಿನಲ್ಲೂ ಅದೇ ಗುಂಪಿನ ಕ್ಲೋರ್‌ಫೆನಿರಮೈನ್ ಇರುತ್ತದೆಂದು ಯೋಚಿಸಿರಲಿಲ್ಲ. ಅದು ಮೈಯಲ್ಲಿರುವಾಗ ಅಲರ್ಜಿಯಿದ್ದರೂ ಚರ್ಮ ಉಬ್ಬದೇ ಹೋಗಬಹುದಂತೆ.

ಎರಡನೆಯ ಸಲ ಮಗ ಇಂಜೆಕ್ಷನ್ನಿಗೆ ಅಳಲು ಸಿದ್ಧನಾಗಿಯೇ ಬಂದಿದ್ದ. ನರ್ಸ್ ಅವನ ಮುಂಗೈ ಮೇಲೆ ಪೆನ್ನಿನಲ್ಲಿ 1ರಿಂದ 12ರವರೆಗೆ ಅಂಕಿಗಳನ್ನು ಬರೆದು, ಒಂದೊಂದರ ಪಕ್ಕ ಒಂದೊಂದು ಹನಿ ಬಿಟ್ಟು, ಪುಟ್ಟ ಮೊನೆಯಿಂದ ಹನಿಯ ಮೂಲಕ ಚರ್ಮವನ್ನು ಮುಟ್ಟಿದಂತೆ ಚುಚ್ಚಿದರು, ರಕ್ತ ಬರಲಿಲ್ಲ. ಮೊದಲನೆಯದು ಬರೀ ಉಪ್ಪುನೀರು, ಎರಡನೆಯದು ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ಮೈಯೇ ಹೊರಬಿಟ್ಟು ತುರಿಕೆ ತರುವ ರಾಸಾಯನಿಕ; ಉಳಿದವು ಗೋಡಂಬಿಯಂಥ ಪದಾರ್ಥಗಳ ಸಾರ. ಮೊದಲನೆಯದು ಉಬ್ಬಬಾರದು, ಎರಡನೆಯದು ಉಬ್ಬಲೇಬೇಕು. ಇಲ್ಲದಿದ್ದರೆ ಪರೀಕ್ಷೆಯನ್ನೇ ನಂಬುವಂತಿಲ್ಲ.

ನಿಜವಾದ ಕಷ್ಟ ಚುಚ್ಚುವುದರಲ್ಲಿರಲಿಲ್ಲ, ಆಮೇಲಿನ ಹದಿನೈದು ನಿಮಿಷದಲ್ಲಿತ್ತು. “ಅಮ್ಮಾ, ಎರಡನೇ ನಂಬರು ಕಡೀತಿದೆ” ಎಂದು ಶುರುವಾದದ್ದು ಬೇಗನೆ ಏಳಕ್ಕೂ ಎಂಟಕ್ಕೂ ಹಬ್ಬಿತು. ಸೊಳ್ಳೆ ಕಚ್ಚಿದಂತೆ ನಡುವೆ ಬಿಳಿಯ ಉಬ್ಬು, ಸುತ್ತ ಕೆಂಪು. ಅವನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಉಬ್ಬುಗಳ ಮೇಲೆ ಉಫ್ ಎಂದು ಊದುತ್ತ ಕುಳಿತೆ.

ವೈದ್ಯರು ಪಾರದರ್ಶಕ ಸ್ಕೇಲಿಟ್ಟು ಅಳೆದರು. ಉಪ್ಪುನೀರಿನ ಗುರುತಿಗಿಂತ 3 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಉಬ್ಬಿದರೆ ಪಾಸಿಟಿವ್. ಗೋಡಂಬಿ 9, ಅದರದೇ ಸಸ್ಯಕುಟುಂಬದ ಪಿಸ್ತಾ 6, ಕಡಲೆಕಾಯಿ 4. ವಾರಕ್ಕೆರಡು ಸಲ ದೋಸೆಯೊಂದಿಗೆ ಕಡಲೆಕಾಯಿ ಚಟ್ನಿ ತಿನ್ನುವ ಹುಡುಗ! ಮನಸ್ಸಿನಲ್ಲೇ ಅಡುಗೆಮನೆಯ ಡಬ್ಬಗಳನ್ನು ಖಾಲಿ ಮಾಡತೊಡಗಿದ್ದ ನನ್ನನ್ನು ವೈದ್ಯರು ತಡೆದರು. “ತಿಂದರೆ ಏನೂ ಆಗುತ್ತಿಲ್ಲ ಅಂದಮೇಲೆ ಬಿಡಿಸಬೇಡಿ, ತಿನ್ನುತ್ತಲೇ ಇರಲಿ.” ಉಬ್ಬು ತೋರಿಸುವುದು ಮೈ ಆ ಪದಾರ್ಥವನ್ನು ಗುರುತಿಟ್ಟುಕೊಂಡಿದೆ ಎಂಬುದನ್ನಷ್ಟೇ, ತಿಂದಾಗ ಏನಾಗುತ್ತದೆಂಬ ನಮ್ಮ ಅನುಭವದೊಂದಿಗೇ ಅದನ್ನು ಓದಬೇಕು. ಮುಂದಿನ ಸಲ ಎಷ್ಟು ಜೋರಾಗಿ ಆಗಬಹುದೆಂಬುದನ್ನು ಆ ಅಳತೆ ಹೇಳುವುದಿಲ್ಲ. ಒಂದೇ ರಕ್ತದ ಮಾದರಿಯಿಂದ ಹತ್ತಾರು ಪದಾರ್ಥಗಳ ಪಟ್ಟಿ ಕೊಡುವ ಪ್ಯಾಕೇಜನ್ನು ಮೊದಲು ಮಾಡಿಸಹೊರಟಿದ್ದೆ. ಮಾಡಿಸಿದ್ದರೆ ಆ ಪಟ್ಟಿ ಹಿಡಿದು ಮಗುವಿನ ತಟ್ಟೆಯಿಂದ ಇನ್ನೇನೇನು ತೆಗೆದುಬಿಡುತ್ತಿದ್ದೆನೋ.

ಗೋಡಂಬಿ, ಪಿಸ್ತಾ ಎರಡನ್ನೂ ಪೂರ್ತಿ ಬಿಡಬೇಕಾಯಿತು. ಹೋಟೆಲಿನ ಕುರ್ಮಾದಲ್ಲಿ ಅರೆದು ಹಾಕಿದ ಗೋಡಂಬಿಯೂ ಲೆಕ್ಕಕ್ಕೆ ಬರುತ್ತದೆ. ಆ ಸಂಜೆ ಅತ್ತೆಯವರು ಕೇಸರಿಬಾತಿಗೆ ದ್ರಾಕ್ಷಿಯನ್ನು ಮಾತ್ರ ಹುರಿದರು.