ಪ್ರಿಮವೆರಾಗೆ ಕಾವಲಿದ್ದ ಬೆಳಗಾವಿ ರೆಜಿಮೆಂಟು

ಊರಿಂದ ಯಾರೇ ಬರಲಿ, ಇಟಲಿಯ ಫ್ಲಾರೆನ್ಸಿನ ಉಫೀಜಿ ಗ್ಯಾಲರಿಗೆ ಕರೆದುಕೊಂಡು ಹೋಗಿ ಚಿತ್ರಕಾರ ಬೊಟಿಚೆಲ್ಲಿಯ ‘ಪ್ರಿಮವೆರಾ’ ಎದುರು ನಿಲ್ಲಿಸುತ್ತೇನೆ. ಹತ್ತಡಿ ಅಗಲದ ಚಿತ್ರ. ಕಿತ್ತಳೆ ತೋಪು, ಕಾಲಡಿ ಹೂವು, ನಡುವೆ ಪ್ರೇಮದೇವತೆ ವೀನಸ್. “ಒಂದು ಕಾಲಕ್ಕೆ ನಮ್ಮ ಬೆಳಗಾವಿ ರೆಜಿಮೆಂಟಿನವರು ಇದಕ್ಕೆ ಕಾವಲಿದ್ದರು” ಎಂದರೆ ಯಾರೂ ತಟ್ಟನೆ ನಂಬುವುದಿಲ್ಲ.

ಅದು ನಡೆದದ್ದು ಇಲ್ಲಿಂದ ಸುಮಾರು 20 ಕಿ.ಮೀ. ದೂರದ ಮೊಂಟೆಗುಫೋನಿ ಎಂಬ ಕೋಟೆಮನೆಯಲ್ಲಿ. ಮೂಲತಃ ಅಚ್ಚಾಯುವೊಲಿ ಮನೆತನದ್ದು. 1909ರಲ್ಲಿ ಇಂಗ್ಲೆಂಡಿನ ಸರ್ ಜಾರ್ಜ್ ಸಿಟ್ವೆಲ್ ಮಗನ ಹೆಸರಲ್ಲಿ ಕೊಂಡರು. ಎರಡನೇ ಮಹಾಯುದ್ಧ ಬಂದಾಗ ಬಾಂಬಿನ ಭಯಕ್ಕೆ ಫ್ಲಾರೆನ್ಸಿನ ಚಿತ್ರಗಳನ್ನು ಹಳ್ಳಿಗಾಡಿನ ಇಂಥ ಬಂಗಲೆಗಳಿಗೆ ಸಾಗಿಸಿದ್ದರು. ಪ್ರಿಮವೆರಾ, ಜೊತ್ತೊ ಬರೆದ ಮಡೋನಾ (ಯೇಸುವಿನ ತಾಯಿ ಮೇರಿ), ಉಚ್ಚೆಲ್ಲೊನ ಯುದ್ಧಚಿತ್ರ ಎಲ್ಲ ಮೊಂಟೆಗುಫೋನಿಗೇ ಬಂದಿದ್ದವು.

1944ರ ಬೇಸಿಗೆಯಲ್ಲಿ ಯುದ್ಧವೇ ಆ ಹಳ್ಳಿಗಳಿಗೆ ಬಂತು. ಜರ್ಮನ್ ಸೈನಿಕರು ಮನೆಯಲ್ಲಿ ಬಿಡಾರ ಹೂಡಿದರು, ಸುತ್ತಲಿನ ಜನ ನೆಲಮಾಳಿಗೆಯಲ್ಲಿ ತಲೆಮರೆಸಿಕೊಂಡರು. ಗಿರ್ಲಾಂಡಾಯೊ ಮರದ ಹಲಗೆಯ ಮೇಲೆ ಬರೆದ ದುಂಡನೆಯ ಚಿತ್ರವೊಂದನ್ನು ಆ ಸೈನಿಕರು ಊಟದ ಮೇಜು ಮಾಡಿಕೊಂಡಿದ್ದರು. ಚಿತ್ರದಲ್ಲಿ ಬಾಲಯೇಸುವಿಗೆ ಕಾಣಿಕೆ ತಂದ ರಾಜರ ಮೇಲೆ ವೈನಿನ ಕಲೆ, ಚಾಕುವಿನ ಗೀರು! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಉಫೀಜಿಯ ಗ್ರಂಥಪಾಲಕ ಚೇಸರೆ ಫಾಸೊಲಾ ಮಾತ್ರ ಫ್ಲಾರೆನ್ಸಿನಿಂದ ನಡೆದೇ, ಗುಂಡಿನ ನಡುವೆ ಹಾದು ಬಂದು ಚಿತ್ರಗಳ ಜೊತೆ ಉಳಿದುಬಿಟ್ಟರು. ಆಯುಧವಿಲ್ಲದ ಒಬ್ಬ ಮನುಷ್ಯ. ಅಂಥವರಿಗೆ ಕೈಮುಗಿಯಬೇಕು ಅನಿಸುತ್ತದೆ.

ಜುಲೈ ಕೊನೆಗೆ ಬ್ರಿಟಿಷರ ಕಡೆಯಿಂದ ಹೋರಾಡುತ್ತಿದ್ದ ಎಂಟನೇ ಇಂಡಿಯನ್ ಡಿವಿಷನ್ ಮುಂದೊತ್ತಿ ಬಂತು. ಮನೆಗೆ ಬಂದಿಳಿದವರು ಮರಾಠಾ ಲೈಟ್ ಇನ್‌ಫೆಂಟ್ರಿಯ ಜವಾನರು. ಆ ರೆಜಿಮೆಂಟಿನ ಕೇಂದ್ರ 1922ರಿಂದಲೂ ಬೆಳಗಾವಿಯೇ. ಅವರನ್ನು ನೋಡಲು ಹೋದ ಲೇಖಕ ಎರಿಕ್ ಲಿಂಕ್‌ಲೇಟರ್ ಮತ್ತು ಬಿಬಿಸಿ ವರದಿಗಾರ ವಿನ್‌ಫರ್ಡ್ ವಾನ್ ಥಾಮಸ್, ಗೋಡೆಗೆ ಒರಗಿಸಿಟ್ಟ ಚಿತ್ರಗಳನ್ನು ಕಂಡು ದಂಗಾದರು. ಸುದ್ದಿ ಮೇಲಕ್ಕೆ ಹೋಯಿತು, ಬಾಗಿಲಿಗೆ ಕಾವಲು ಬಿತ್ತು. ಕಂಡುಹಿಡಿದ ಕೀರ್ತಿ ಈ ಇಬ್ಬರಿಗೆ ಸಂದಿತು. ರೈಫಲ್ ಹಿಡಿದು ಬಾಗಿಲಲ್ಲಿ ನಿಂತವನ ಹೆಸರನ್ನು ಯಾರೂ ಹೇಳುವುದಿಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿ ಬೆಳಿಗ್ಗೆ ಬ್ಯೂಗಲ್ ಕೇಳುತ್ತ ಬೆಳೆದ ನನಗೆ ಅದು ನೋವು.

ಆ ಮನೆ ಈಗ ಪ್ರವಾಸಿಗರಿಗೆ ಬಾಡಿಗೆಗೆ ಸಿಗುತ್ತದೆ. ಬೆಳಗಾವಿ ಕಡೆಯವರೇ, ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಕೆಂಪು, ಬಿಳಿ, ಹಸಿರು ಪಟ್ಟಿಯ ರಿಬ್ಬನ್ನಿರುವ ನಕ್ಷತ್ರದ ಪದಕವಿದ್ದರೆ ಒಮ್ಮೆ ತೆಗೆದು ನೋಡಿ. ಅದು ಆ ಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿದವರಿಗೆ ಕೊಟ್ಟ ‘ಇಟಲಿ ಸ್ಟಾರ್’. ಅಜ್ಜ ಏನಾದರೂ ಹೇಳಿದ್ದರೆ ನನಗೆ ಬರೆಯಿರಿ.